ಜೊಲ್ಲು ಸುರಿಸುವ ದನ: ಬಾಯಿ ಹುಣ್ಣು, ಬಾಯಿ ಗಾಯಗಳ ಉಪಚಾರ ಮತ್ತು ಮೇವು

(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಸಂಜೆ ಮೇದು ಬಂದ ಹಸು ಗೋದಲಿಯ ಮುಂದೆ ಸುಮ್ಮನೆ ನಿಂತಿದೆ. ಹುಲ್ಲನ್ನು ಮೂಸುತ್ತದೆ, ಒಂದು ತುತ್ತು ಎಳೆದುಕೊಳ್ಳುತ್ತದೆ, ಅರ್ಧ ಅಗಿದು ಕೆಳಗೆ ಬಿಡುತ್ತದೆ. ಕಟಬಾಯಿಯಿಂದ ಜೊಲ್ಲು ಎಳೆ ಎಳೆಯಾಗಿ ನೆಲಕ್ಕೆ ಇಳಿಯುತ್ತಿದೆ. ಇದನ್ನು ಕಂಡ ಮನೆಯವರಲ್ಲಿ ಒಬ್ಬರು ಇದು ಕಾಲುಬಾಯಿ ಜ್ವರ ಎನ್ನುತ್ತಾರೆ. ಇನ್ನೊಬ್ಬರು ಬಾಯಲ್ಲಿ ಮುಳ್ಳು ಬೆಳೆದಿದೆ, ಕತ್ತರಿಸಿ ತೆಗೆಯಬೇಕು ಎನ್ನುತ್ತಾರೆ. ಮೂರನೆಯವರು ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ತೋಳು ಮಡಿಸಿ ಬಾಯಿಗೆ ಕೈ ಹಾಕಲು ಸಿದ್ಧರಾಗುತ್ತಾರೆ. ಮೊದಲನೆಯವರ ಮಾತು ಎಷ್ಟೋ ಸಲ ನಿಜವಾಗಿರುತ್ತದೆ. ಎರಡನೆಯವರ ಮಾತಿನಿಂದ ದನಕ್ಕೆ ಹಾನಿ. ಮೂರನೆಯವರು ಮಾಡಹೊರಟಿರುವ ಕೆಲಸ ಅವರ ಪ್ರಾಣಕ್ಕೇ ಕುತ್ತು ತರಬಹುದು. ಆದುದರಿಂದ ಮಾತನ್ನು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಹುಚ್ಚುನಾಯಿ ರೋಗ, ಅಂದರೆ ರೇಬಿಸ್, ದನಗಳಿಗೂ ಬರುತ್ತದೆ. ರೋಗ ತಗುಲಿದ ದನದ ಗಂಟಲಿನ ಸ್ನಾಯುಗಳು ಸೋತು, ಅದು ನುಂಗಲಾರದೆ ಜೊಲ್ಲು ಸುರಿಸುತ್ತದೆ. ನೋಡಿದವರಿಗೆ ಗಂಟಲಲ್ಲಿ ಜೋಳದ ದಂಟೋ ಮಾವಿನ ಓಟೆಯೋ ಸಿಕ್ಕಿದಂತೆಯೇ ಕಾಣುತ್ತದೆ. ದನದ ಕೂಗು ಒಡಕಾಗುವುದು, ಸುಮ್ಮಸುಮ್ಮನೆ ಅರಚುವುದು, ಹಿಂಗಾಲು ತಡವರಿಸುವುದು, ಕೆಲವೊಮ್ಮೆ ಎದುರಿಗೆ ಸಿಕ್ಕಿದ್ದನ್ನು ಹಾಯುವುದು ಇದರ ಇತರ ಲಕ್ಷಣಗಳು. ನಾಯಿ ಕಚ್ಚಿದ್ದನ್ನು ಮನೆಯವರು ಕಂಡಿರಲೇಬೇಕೆಂದೇನೂ ಇಲ್ಲ. ಕಚ್ಚಿದ ವಾರಗಳ ಅಥವಾ ತಿಂಗಳುಗಳ ಮೇಲೆ ರೋಗ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಗಾಯವೂ ಮಾಸಿರುತ್ತದೆ. ಇಂಥ ದನದ ಜೊಲ್ಲಿನಲ್ಲಿ ರೋಗಾಣು ಇರುತ್ತದೆ. ಕಳೆ ಕಿತ್ತು, ಕುಡುಗೋಲು ಹಿಡಿದು ಬಿರುಕು ಬಿಟ್ಟ ಒಕ್ಕಲಿಗನ ಕೈಯಲ್ಲಿ ಅದು ಒಳಹೊಗಲು ಬೇಕಾದಷ್ಟು ದಾರಿಗಳಿವೆ. ಮನುಷ್ಯನಲ್ಲಿ ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಚಿಕಿತ್ಸೆ ಇಲ್ಲವೆಂದೇ ತಿಳಿಯಬೇಕು.

ಆದುದರಿಂದ ಕಾರಣ ಗೊತ್ತಾಗುವವರೆಗೆ ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಲೇಬಾರದು. ಮೇಲೆ ಹೇಳಿದ ಲಕ್ಷಣಗಳಲ್ಲಿ ಒಂದು ಕಂಡರೂ ದನವನ್ನು ಬೇರೆ ಕಟ್ಟಿ ಪಶುವೈದ್ಯರನ್ನು ಕರೆಸಬೇಕು. ಅದರ ಬಾಯಿಯನ್ನು ಅವರೇ ನೋಡಲಿ. ಆಗಲೇ ಕೈ ಹಾಕಿಬಿಟ್ಟಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ದನ ಸಾಯುತ್ತದೆಯೋ ಬದುಕುತ್ತದೆಯೋ ನೋಡೋಣವೆಂದು ಕಾಯಬಾರದು.

ಇನ್ನು ಬಾಯಿಯ ರಚನೆಯನ್ನು ಸ್ವಲ್ಪ ತಿಳಿದರೆ ಮುಂದಿನದು ಸುಲಭ. ದನಕ್ಕೆ ಮೇಲ್ದವಡೆಯಲ್ಲಿ ಮುಂಬಲ್ಲು ಇಲ್ಲ. ಅಲ್ಲಿ ಗಟ್ಟಿಯಾದ ಒಸಡಿನ ಮೆತ್ತೆ ಇದೆ. ಅದು ಹುಲ್ಲನ್ನು ಹಿಡಿಯುವುದು ನಾಲಿಗೆಯಿಂದ. ನಾಲಿಗೆಯನ್ನು ಹುಲ್ಲಿನ ಕಂತೆಗೆ ಸುತ್ತಿ, ಒಳಗೆಳೆದು, ಕೆಳಗಿನ ಹಲ್ಲಿಗೂ ಮೇಲಿನ ಮೆತ್ತೆಗೂ ನಡುವೆ ಹಿಡಿದು ಕೀಳುತ್ತದೆ. ದನಕ್ಕೆ ನಾಲಿಗೆಯೇ ಕುಡುಗೋಲು. ಆದುದರಿಂದ ಕುರಿಗೆ ತುಟಿಯ ಹುಣ್ಣು ಎಷ್ಟು ಕಷ್ಟವೋ ದನಕ್ಕೆ ನಾಲಿಗೆಯ ಹುಣ್ಣು ಅಷ್ಟೇ ಕಷ್ಟ. ಕೆನ್ನೆಯ ಒಳಬದಿಯಲ್ಲಿ ಗಂಟಲ ಕಡೆಗೆ ಬಾಗಿದ ಮೊನಚು ಗುಬುಟುಗಳು ಸಾಲಾಗಿ ಇರುತ್ತವೆ. ಅಗಿಯುವಾಗ ಮೇವು ಹೊರಗೆ ಚೆಲ್ಲದಂತೆ ತಡೆಯಲು ಹುಟ್ಟಿನಿಂದಲೇ ಬಂದ ಅಂಗ ಅವು. ಕೆಲವು ಕಡೆ ಜನ ಬಾಯಲ್ಲಿ ಬೆಳೆದ ಮುಳ್ಳು ಎಂದು ಕತ್ತರಿಸುವುದು ಇವನ್ನೇ! ಹಸುವಿನ ಬಾಯಲ್ಲಿ ಇರಬೇಕಾದದ್ದನ್ನು ಕುಯ್ದು ಹೊಸ ಗಾಯ ಮಾಡಿದಂತಾಗುತ್ತದೆಯೇ ಹೊರತು ಅದರಿಂದ ಯಾವ ದನವೂ ಮೇಯಲು ಆರಂಭಿಸಿಲ್ಲ. ಹಾಗೆ ಆರಂಭಿಸಿದ್ದರೆ ಅದು ಕತ್ತರಿಸಿದ ನೋವು ಮಾದ ಮೇಲೆ, ಮೂಲ ಹುಣ್ಣು ತಾನಾಗಿ ವಾಸಿಯಾದದ್ದರಿಂದ.

ಬಾಯಿ ಹುಣ್ಣಿನ ಕಾರಣಗಳಲ್ಲಿ ಎರಡನ್ನು ಬೇರ್ಪಡಿಸಿಕೊಳ್ಳುವುದು ಮುಖ್ಯ. ಒಂದು, ಹರಡುವ ರೋಗ. ಇನ್ನೊಂದು, ಮೇವಿನಿಂದಲೋ ತಂತಿ ಮುಳ್ಳುಗಳಿಂದಲೋ ಆದ ಗಾಯ. ಬಾಯಿ ತೆರೆಯದೆಯೇ ಬಹುಮಟ್ಟಿಗೆ ಇದನ್ನು ತಿಳಿಯಬಹುದು. ಮೊದಲು ಪಕ್ಕದ ರಾಸುಗಳನ್ನು ನೋಡಿ. ಎರಡು ಮೂರು ದನ ಒಂದೇ ವಾರದಲ್ಲಿ ಜೊಲ್ಲು ಸುರಿಸಿದರೆ ಅದು ರೋಗವೇ. ಅನಂತರ ಕಾಲು ನೋಡಿ. ಗೊರಸಿನ ಸಂದಿಯಲ್ಲಿ ಗುಳ್ಳೆ ಅಥವಾ ಹಸಿಗಾಯ ಇದೆಯೇ, ದನ ಕಾಲು ಝಾಡಿಸುತ್ತದೆಯೇ, ಕುಂಟುತ್ತದೆಯೇ? ಮೂರನೆಯದಾಗಿ ಜ್ವರ. ದನದ ದೇಹದ ಸಾಮಾನ್ಯ ಉಷ್ಣತೆ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಕಾಲುಬಾಯಿ ಜ್ವರದಲ್ಲಿ ಅದು 104 ರಿಂದ 106 ರವರೆಗೆ ಏರುತ್ತದೆ. ಹುಲ್ಲು ಚುಚ್ಚಿದ ದನಕ್ಕೆ ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಅದು ಒಂದೇ ಮಗ್ಗುಲಲ್ಲಿ ಅಗಿಯುತ್ತದೆ, ಜೊಲ್ಲಿನಲ್ಲಿ ರಕ್ತದ ಎಳೆ ಇರಬಹುದು, ಗಾಯ ಹಳತಾಗಿದ್ದರೆ ಬಾಯಿ ಕೆಟ್ಟ ವಾಸನೆ ಹೊಡೆಯುತ್ತದೆ. ಹೀಗಿದ್ದರೂ ಅನುಮಾನ ತೀರುವವರೆಗೆ ಹರಡುವ ರೋಗವೆಂದೇ ತಿಳಿದು ನಡೆಯುವುದು ಕ್ಷೇಮ. ದನವನ್ನು ಬೇರೆ ಕಟ್ಟಬೇಕು. ಊರ ಕೆರೆಗೆ, ಗೋಮಾಳಕ್ಕೆ, ಸಂತೆಗೆ ಹೊಡೆಯಬಾರದು.

ಕಾಲುಬಾಯಿ ಜ್ವರ ವೈರಸ್ಸಿನಿಂದ ಬರುವ ರೋಗ. ಇದರಲ್ಲಿ ಒಟ್ಟು ಏಳು ಬಗೆಗಳಿದ್ದು ನಮ್ಮ ದೇಶದಲ್ಲಿ ಓ, ಎ ಮತ್ತು ಏಷ್ಯಾ-1 ಎಂಬ ಮೂರು ಕಾಣುತ್ತವೆ. ಒಂದು ಬಗೆಯ ವಿರುದ್ಧ ಬಂದ ರೋಗನಿರೋಧಕ ಶಕ್ತಿ ಇನ್ನೊಂದಕ್ಕೆ ಉಪಯೋಗವಾಗುವುದಿಲ್ಲ. ಹೋದ ವರ್ಷ ಬಂದು ಹೋಯಿತು, ಇನ್ನು ಭಯವಿಲ್ಲ ಎಂಬ ಮಾತಿಗೆ ಅರ್ಥವಿಲ್ಲದಿರುವುದು ಇದರಿಂದಲೇ. ರೋಗಾಣು ಒಳಹೊಕ್ಕ 2 ರಿಂದ 14 ದಿನಗಳಲ್ಲಿ ನಾಲಿಗೆ, ಒಸಡು, ತುಟಿಯ ಒಳಬದಿ, ಗೊರಸಿನ ಸಂದು, ಹಾಲು ಕರೆಯುವ ಹಸುವಾದರೆ ಮೊಲೆತೊಟ್ಟು, ಇಲ್ಲೆಲ್ಲ ನೀರುಗುಳ್ಳೆಗಳು ಏಳುತ್ತವೆ. ಅವು ಬೇಗ ಒಡೆದು ಕೆಂಪಾದ ಹಸಿಗಾಯ ಉಳಿಯುತ್ತದೆ. ದನ ತುಟಿಯನ್ನು ಚಪ್ಪರಿಸುವ ಸದ್ದು ಕೊಟ್ಟಿಗೆಯ ಹೊರಗೂ ಕೇಳಿಸುತ್ತದೆ. ದೊಡ್ಡ ದನ ಇದರಿಂದ ಸಾಯುವುದು ಕಡಿಮೆ. ಆದರೆ ಎಳೆಗರುಗಳಲ್ಲಿ ರೋಗಾಣು ಹೃದಯಕ್ಕೆ ಇಳಿದು, ಬಾಯಲ್ಲಿ ಒಂದು ಗುಳ್ಳೆಯೂ ಕಾಣುವ ಮೊದಲೇ ಕರು ಕುಸಿದು ಬೀಳಬಹುದು. ರೋಗದ ಹಸುವಿನ ಕೆಚ್ಚಲಿಗೆ ಕರುವನ್ನು ಬಿಡದೆ, ಹಾಲನ್ನು ಕಾಯಿಸಿ ಆರಿಸಿ ಕುಡಿಸಬೇಕು.

ವೈರಸ್ಸನ್ನು ಕೊಲ್ಲುವ ಔಷಧ ಇಲ್ಲ. ಬಾಯಿಯ ಉಪಚಾರದ ಉದ್ದೇಶ ಎರಡೇ: ಹಸಿಗಾಯಕ್ಕೆ ಬೇರೆ ಸೋಂಕು ತಗುಲದಂತೆ ನೋಡಿಕೊಳ್ಳುವುದು, ಮತ್ತು ದನ ಮೇವು ನೀರು ಬಿಡದಂತೆ ನೋಡಿಕೊಳ್ಳುವುದು. ಹುಚ್ಚುನಾಯಿ ರೋಗವಲ್ಲವೆಂದು ಪಶುವೈದ್ಯರು ಹೇಳಿದ ಮೇಲೆ, ಕೈಗೆ ರಬ್ಬರ್ ಚೀಲ ತೊಟ್ಟು, ದನದ ತಲೆಯನ್ನು ನೆಲಕ್ಕೆ ಸಮನಾಗಿ ಹಿಡಿದು ದಿನಕ್ಕೆ ಎರಡು ಮೂರು ಸಲ ಬಾಯಿ ತೊಳೆಯಬೇಕು. ಪೊಟ್ಯಾಷಿಯಂ ಪರ್ಮಾಂಗನೇಟಿನ ಒಂದೆರಡು ಹರಳನ್ನು ನೀರಿಗೆ ಹಾಕಿದರೆ ನೀರು ತೆಳು ಗುಲಾಬಿ ಬಣ್ಣಕ್ಕೆ ಬರುತ್ತದೆ; ಅಷ್ಟೇ ಸಾಕು. ಔಷಧ ಹೆಚ್ಚಾದಷ್ಟೂ ಗುಣ ಹೆಚ್ಚೆಂದು ಕಡು ನೇರಳೆ ನೀರು ಮಾಡಿದರೆ ಹಸಿಗಾಯ ಸುಡುತ್ತದೆ. ಅದಿಲ್ಲದಿದ್ದರೆ ಲೀಟರ್ ನೀರಿಗೆ 10 ರಿಂದ 20 ಗ್ರಾಂ ಪಟಿಕ ಕರಗಿಸಿ ಉಪಯೋಗಿಸಬಹುದು. ತೊಳೆದ ಮೇಲೆ ಬೋರೋ ಗ್ಲಿಸರಿನ್ ಸವರುವುದು ರೂಢಿ. ಹುಣ್ಣಿನ ಮೇಲೆ ಉಪ್ಪಿನ ಹರಳು ಹಾಕಿ ಉಜ್ಜುವುದು, ಗೋಣಿ ತುಂಡಿನಿಂದ ಕೆರೆಯುವುದು, ಸೀಮೆಎಣ್ಣೆ ಹಚ್ಚುವುದು ಇವೆಲ್ಲ ಹೊಸದಾಗಿ ಕೂಡಿಕೊಳ್ಳುತ್ತಿರುವ ಎಳೆಯ ಚರ್ಮವನ್ನು ಕಿತ್ತು ಹಾಕುತ್ತವೆ. ಬಾಯಿಯ ಗಾಯಕ್ಕೆ ರಕ್ತದ ಓಟ ಚೆನ್ನಾಗಿರುವುದರಿಂದ ಕೆದಕದೆ ಬಿಟ್ಟರೆ ಒಂದೆರಡು ವಾರದಲ್ಲಿ ಮಾಯುತ್ತದೆ. ಕಾಲಿನ ಗಾಯಕ್ಕೇ ಹೆಚ್ಚು ಕಾಲ ಬೇಕು.

ಹಳ್ಳಿಯ ಮದ್ದೆಲ್ಲ ಕೆಟ್ಟದ್ದೆಂದು ಇದರ ಅರ್ಥವಲ್ಲ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯು ಬಾಯಿ ಹುಣ್ಣಿಗೆ ಪ್ರಚಾರ ಮಾಡುತ್ತಿರುವ ಮನೆಮದ್ದೊಂದು ಹೀಗಿದೆ. ಜೀರಿಗೆ, ಮೆಂತ್ಯ, ಮೆಣಸು ತಲಾ 10 ಗ್ರಾಂ ತೆಗೆದುಕೊಂಡು ಅರ್ಧ ಗಂಟೆ ನೆನೆಸಿ ಅರೆಯಬೇಕು. ಅದಕ್ಕೆ 10 ಗ್ರಾಂ ಅರಿಸಿನ, ನಾಲ್ಕು ಎಸಳು ಬೆಳ್ಳುಳ್ಳಿ, 120 ಗ್ರಾಂ ಬೆಲ್ಲ, ಒಂದು ತೆಂಗಿನಕಾಯಿಯ ತುರಿ ಸೇರಿಸಿ ಮೆತ್ತಗೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ಬಾಯಿಯ ಒಳಗೆ, ನಾಲಿಗೆಗೆ, ಅಂಗುಳಿಗೆ ಹಗುರವಾಗಿ ಸವರಬೇಕು. ದಿನಕ್ಕೆ ಮೂರು ಸಲ, ಪ್ರತಿ ಸಲವೂ ಹೊಸದಾಗಿ ಅರೆದು, ಮೂರರಿಂದ ಐದು ದಿನ. ಕೀನ್ಯಾ ದೇಶದಲ್ಲಿ ಸೋಡದ ನೀರಿನಿಂದ ಬಾಯಿ ತೊಳೆದು ಜೇನುತುಪ್ಪದಲ್ಲಿ ಕಲಸಿದ ರಾಗಿ ಹಿಟ್ಟನ್ನು ಹಚ್ಚುವ ಪದ್ಧತಿಯನ್ನು ಪಶುವೈದ್ಯರು ಪರೀಕ್ಷಿಸಿ ನೋಡಿದ್ದಾರೆ. ಅಷ್ಟು ದೂರದ ನಾಡಿನಲ್ಲೂ ರಾಗಿಯೇ ಕೈಗೆ ಬಂದದ್ದು ನಮ್ಮವರಿಗೆ ಸಂತೋಷದ ಸಂಗತಿ! ಆದರೆ ಇವು ಯಾವುವೂ ಲಸಿಕೆಯ ಬದಲಿಗೆ ಅಲ್ಲ.

ಲಸಿಕೆಯ ಬಗ್ಗೆ ಎರಡು ಮಾತು. 2019 ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯನ್ನು ಉಚಿತವಾಗಿ ಹಾಕಲಾಗುತ್ತದೆ. ಕರುವಿಗೆ ನಾಲ್ಕು ತಿಂಗಳು ತುಂಬಿದಾಗ ಮೊದಲನೆಯದು, ಒಂದು ತಿಂಗಳ ಮೇಲೆ ಇನ್ನೊಂದು, ಅನಂತರ ಆರಾರು ತಿಂಗಳಿಗೊಮ್ಮೆ. ಲಸಿಕೆ ಹಾಕಿದ ಒಂದೆರಡು ದಿನ ಹಾಲು ಸ್ವಲ್ಪ ಇಳಿಯಬಹುದು, ಚುಚ್ಚಿದ ಜಾಗ ಊದಬಹುದು. ಇದಕ್ಕೆ ಹೆದರಿ ಲಸಿಕೆಯವರು ಬರುವ ದಿನ ದನವನ್ನು ಗುಡ್ಡಕ್ಕೆ ಅಟ್ಟುವವರು ಇನ್ನೂ ಇದ್ದಾರೆ. ಎರಡು ದಿನದ ಒಂದೆರಡು ಲೀಟರ್ ಹಾಲು ಉಳಿಸಹೋಗಿ ಇಡೀ ಸೂಲಿನ ಹಾಲನ್ನು ಕಳೆದುಕೊಳ್ಳುವ ಲೆಕ್ಕ ಇದು. ರೋಗ ವಾಸಿಯಾದ ಮೇಲೂ ಎಷ್ಟೋ ಹಸುಗಳು ಬಿಸಿಲಿಗೆ ನಾಯಿಯಂತೆ ಏದುಸಿರು ಬಿಡುತ್ತವೆ, ಆ ಸೂಲಿನಲ್ಲಿ ಮೊದಲಿನ ಹಾಲಿಗೆ ಮರಳುವುದಿಲ್ಲ.

ಈಗ ಮೇವಿನ ವಿಚಾರ. ಬಾಯಿ ನೊಂದ ದನ ಬಡವಾಗುವುದು ಹುಣ್ಣಿಗಿಂತ ಹೆಚ್ಚಾಗಿ ಹಸಿವಿನಿಂದ. ಆರೋಗ್ಯವಾದ ದೊಡ್ಡ ಹಸುವಿನ ಬಾಯಲ್ಲಿ ದಿನಕ್ಕೆ ನೂರು ಲೀಟರಿಗೂ ಹೆಚ್ಚು ಜೊಲ್ಲು ಊರುತ್ತದೆ. ಅದರಲ್ಲಿ ಸೋಡದ ಅಂಶ ಇರುವುದರಿಂದಲೇ ಹೊಟ್ಟೆಯ ಹುಳಿ ಹದದಲ್ಲಿರುತ್ತದೆ. ಆ ಜೊಲ್ಲು ಒಳಗೆ ಹೋಗದೆ ನೆಲಕ್ಕೆ ಸುರಿದಾಗ ನೀರೂ ಸೋಡವೂ ಎರಡೂ ನಷ್ಟ. ಆದುದರಿಂದ ಎಲ್ಲಕ್ಕೂ ಮೊದಲು ಶುದ್ಧವಾದ ತಣ್ಣೀರನ್ನು ಬಾಯಿಗೆ ಎಟುಕುವಂತೆ ದಿನವಿಡೀ ಇಡಬೇಕು. ರಾಗಿ ಗಂಜಿಗೆ ಸ್ವಲ್ಪ ಬೆಲ್ಲ, ಚಿಟಿಕೆ ಉಪ್ಪು ಸೇರಿಸಿ, ಆರಿದ ಮೇಲೆ ಕೊಡಬಹುದು. ಒಂದು ಸಲಕ್ಕೆ ಅರ್ಧ ಕಿಲೋ ಹಿಟ್ಟಿಗಿಂತ ಹೆಚ್ಚು ಬೇಡ. ದಿನಕ್ಕೆ ಎರಡು ಸಲ ಸಾಕು. ಪಾಪ, ನಾಲ್ಕು ದಿನದಿಂದ ತಿಂದಿಲ್ಲ ಎಂದು ಬಕೀಟುಗಟ್ಟಲೆ ಗಂಜಿ, ಅನ್ನ ಸುರಿದರೆ ಹೊಟ್ಟೆ ಹುಳಿಯೇರಿ ದನ ಅದರಿಂದಲೇ ಸಾಯುವುದುಂಟು. ಇನ್ನೊಂದು ಎಚ್ಚರಿಕೆ: ದನ ತಾನಾಗಿ ಕುಡಿಯದಿದ್ದರೆ ಗೊಟ್ಟದಿಂದ ಹುಯ್ಯಬಾರದು. ನುಂಗಲು ನೋವಾಗುವ ದನದ ತಲೆ ಎತ್ತಿ ಗೊಟ್ಟ ಇಟ್ಟರೆ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುತ್ತದೆ. ಅಂಥ ದನಕ್ಕೆ ಪಶುವೈದ್ಯರು ರಕ್ತನಾಳದ ಮೂಲಕ ಔಷಧದ ನೀರು ಕೊಡಬಲ್ಲರು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ದೂರವಾಣಿ ಮಾಡಬಹುದು.

ಗಂಜಿಯೇ ಮೇವಲ್ಲ. ಮೆತ್ತನೆಯ ಹಸಿರು ಬೇಕು. ಕುದುರೆ ಮಸಾಲೆ, ಅಲಸಂದೆ ಸೊಪ್ಪು, ಅಗಸೆ ಸೊಪ್ಪು, ಎಳೆಯ ಗಿನಿ ಹುಲ್ಲು ಒಳ್ಳೆಯವು. ಬಾಳೆಯ ಎಲೆಯನ್ನೂ ಸೀಳಿ ಕೊಡಬಹುದು. ನೇಪಿಯರ್ ಹುಲ್ಲನ್ನು 45 ದಿನಕ್ಕೊಮ್ಮೆ ಕೊಯ್ಯುತ್ತಿದ್ದರೆ ಎಲೆ ಮೆತ್ತಗಿರುತ್ತದೆ. ಮೂರು ತಿಂಗಳು ಬಿಟ್ಟ ನೇಪಿಯರಿನ ದಂಟು ಕಟ್ಟಿಗೆ, ಎಲೆಯ ಅಂಚು ಗರಗಸ. ಹುಣ್ಣಿದ್ದ ಬಾಯಿಗೆ ಅದು ಶಿಕ್ಷೆ. ಎಲ್ಲವನ್ನೂ ಒಂದು ಅಂಗುಲದಷ್ಟು ಕತ್ತರಿಸಿ ಕೊಡಬೇಕು. ಒಣ ರಾಗಿ ಹುಲ್ಲಾದರೆ ನೀರು ಚಿಮುಕಿಸಿ ಮೆತ್ತಗೆ ಮಾಡಬೇಕು. ಇಲ್ಲಿ ಬೇಸಾಯಗಾರರು ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಎಳೆಯ ಮೇವು ಎಂದ ಕೂಡಲೇ ಹೊಲಕ್ಕೆ ಹೋಗಿ ಮೊಣಕಾಲೆತ್ತರದ ಎಳೆ ಜೋಳವನ್ನು ಕಿತ್ತು ತರುತ್ತಾರೆ. ಎಳೆಯ ಜೋಳದಲ್ಲಿ, ಅದರಲ್ಲೂ ಮಳೆ ಇಲ್ಲದೆ ಬಾಡಿದ ಬೆಳೆಯಲ್ಲಿ ಮತ್ತು ಕೂಳೆ ಚಿಗುರಿನಲ್ಲಿ, ಸಯನೈಡ್ ವಿಷ ಹುಟ್ಟಿಸುವ ವಸ್ತು ಹೆಚ್ಚಾಗಿರುತ್ತದೆ. ಹಸಿದ ದನ ಅದನ್ನು ಗಬಗಬನೆ ತಿಂದರೆ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿ ಬೀಳಬಹುದು. ಜೋಳದ ಹಸಿ ಮೇವು ಹೂವಾದ ಮೇಲೆಯೇ ಕೊಡತಕ್ಕದ್ದು.

ಹುಲ್ಲಿನಿಂದಲೇ ಆಗುವ ಗಾಯಗಳಲ್ಲಿ ಮುಖ್ಯವಾದದ್ದು ಭರ್ಚಿ ಹುಲ್ಲಿನದು. ಊರಿಗೊಂದು ಹೆಸರಿರುವ ಈ ಹುಲ್ಲನ್ನು ಸಸ್ಯಶಾಸ್ತ್ರಜ್ಞರು ಹೆಟಿರೋಪೋಗಾನ್ ಕಂಟಾರ್ಟಸ್ ಎನ್ನುತ್ತಾರೆ. ಗೋಮಾಳದಲ್ಲಿ ನಡೆದು ಬಂದರೆ ಪಂಚೆಯ ತುಂಬ ಚುಚ್ಚಿಕೊಳ್ಳುವ, ಉದ್ದ ಬಾಲದ ಕಂದು ಮುಳ್ಳು ಅದರ ಬೀಜ. ಬೀಜದ ತುದಿ ಸೂಜಿಯಂತೆ ಚೂಪು. ಬಾಲವು ಒಣಗಿದಾಗ ಹಗ್ಗದಂತೆ ಹೊಸೆದುಕೊಂಡು ತೇವ ತಗುಲಿದಾಗ ಬಿಚ್ಚಿಕೊಳ್ಳುತ್ತದೆ. ಹಾಗೆ ತಿರುಗುತ್ತ ತಿರುಗುತ್ತ ಬೀಜವನ್ನು ಮಣ್ಣಿನೊಳಕ್ಕೆ ಇಳಿಸುವುದು ಅದರ ಉಪಾಯ. ದನದ ಬಾಯಿ ಸದಾ ತೇವವಷ್ಟೇ. ನಾಲಿಗೆಯ ಮೇಲೆ, ಹಿಂಭಾಗದ ಉಬ್ಬಿಗೆ ಮುಂದೆ, ಅಡ್ಡಲಾಗಿ ಒಂದು ತಗ್ಗು ಇದೆ. ಇಂಥ ಮುಳ್ಳುಗಳು ಬಂದು ಸೇರಿ ನೆಡುವುದು ಬಹಳ ಸಲ ಅಲ್ಲಿಯೇ. ತುಟಿಯ ಸಂದು, ಒಸಡಿನ ಬುಡ ಇನ್ನೆರಡು ಜಾಗ. ಗೋಧಿಯ ಹೊಟ್ಟಿನಲ್ಲಿರುವ ತೆನೆಯ ಮೀಸೆ, ಯಂತ್ರದಲ್ಲಿ ಒಕ್ಕಿದ ತೊಗರಿ ಹೊಟ್ಟಿನ ಕಡ್ಡಿ ಚೂರು, ಮೇಕೆಗೆ ಕಡಿದು ಹಾಕಿದ ಜಾಲಿಯ ಮುಳ್ಳು ಕೂಡ ಇದೇ ಕೆಲಸ ಮಾಡುತ್ತವೆ. ಬೇಲಿಯ ತಂತಿಯಿಂದ ಹೆಣೆದ ಬಾಯಿಕುಕ್ಕೆಯ ತುದಿಗಳು ಎತ್ತಿನ ತುಟಿ ಹರಿಯುವುದೂ ಉಂಟು. ಕುಕ್ಕೆ ನಾರಿನದೇ ಇರಲಿ.

ಚುಚ್ಚಿದ ಮುಳ್ಳನ್ನು ತೆಗೆದು, ಲೀಟರ್ ನೀರಿಗೆ ಎರಡು ಚಮಚೆ ಉಪ್ಪು ಕರಗಿಸಿ ತೊಳೆದರೆ ಸಣ್ಣ ಗಾಯ ತಾನೇ ಮಾಯುತ್ತದೆ. ಉಪ್ಪು ನೀರಿನಲ್ಲಿ ಕರಗಿರಬೇಕು, ಗಾಯದ ಮೇಲೆ ಅಲ್ಲ. ಗಾಯ ಆಳವಾಗಿದ್ದರೆ, ನಾಲಿಗೆ ಸೀಳಿದ್ದರೆ, ಅದೇ ದಿನ ಹೊಲಿಗೆ ಹಾಕಿಸಬೇಕು. ಸಣ್ಣ ಗಾಯವನ್ನೂ ಅಸಡ್ಡೆ ಮಾಡದಿರಲು ಒಂದು ಕಾರಣವಿದೆ. ದನದ ಬಾಯಲ್ಲಿಯೇ ತೆಪ್ಪಗೆ ಇರುವ ಕೆಲವು ಸೂಕ್ಷ್ಮಾಣುಗಳು ಈ ಚುಚ್ಚಿದ ದಾರಿಯಲ್ಲಿ ಮಾಂಸಕ್ಕೆ ಇಳಿಯುತ್ತವೆ. ನಾಲಿಗೆ ಊದಿ, ಹಲಗೆಯಂತೆ ಗಟ್ಟಿಯಾಗಿ, ಬಾಯಿಂದ ಹೊರಗೆ ಚಾಚಿಕೊಳ್ಳುತ್ತದೆ. ಇದನ್ನು ಕಟ್ಟಿಗೆ ನಾಲಿಗೆ ಎನ್ನುತ್ತಾರೆ. ನಾಲಿಗೆಯೇ ಕುಡುಗೋಲಾದ ಪ್ರಾಣಿಗೆ ಇದು ಎಂಥ ಕಷ್ಟವೆಂದು ಹೇಳಬೇಕಾಗಿಲ್ಲ. ಬೇಗ ತೋರಿಸಿದರೆ ಅಯೋಡೈಡ್ ಚುಚ್ಚುಮದ್ದಿನಿಂದ ಚೆನ್ನಾಗಿ ಗುಣವಾಗುತ್ತದೆ. ಬೇರೊಂದು ಸೂಕ್ಷ್ಮಾಣು ದವಡೆಯ ಮೂಳೆಗೆ ಇಳಿದು ಗಟ್ಟಿ ಗಂಟು ಕಟ್ಟುತ್ತದೆ. ಅದು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಕುರಿ ಮೇಕೆಗಳ ಬಾಯಿ ಹುಣ್ಣು ಬೇರೆಯೇ ಒಂದು ಭಾಷಣದ ವಿಷಯ. ಮಳೆಗಾಲದಲ್ಲೂ ಅದರ ಬೆನ್ನಿಗೂ ನುಸಿ ಕಚ್ಚಿ ಹರಡುವ ನೀಲಿ ನಾಲಿಗೆ ರೋಗ, ಮೇಕೆಗಳ ಪಿಪಿಆರ್ ಇವೆರಡರಲ್ಲೂ ಬಾಯಿ ಹುಣ್ಣಾಗುತ್ತದೆ. ತುಟಿಯ ಸುತ್ತ ಹೊಪ್ಪಳೆ ಕಟ್ಟುವ ಇನ್ನೊಂದು ಸಾಂಕ್ರಾಮಿಕ ಹುಣ್ಣು ಮುಟ್ಟಿದವರ ಕೈಗೂ ಬರುತ್ತದೆ ಎಂಬುದನ್ನು ಕುರಿಗಾರರು ನೆನಪಿಡಬೇಕು. ದನಗಳಲ್ಲಿ ಈಚಿನ ವರ್ಷಗಳಲ್ಲಿ ಬಂದ ಚರ್ಮಗಂಟು ರೋಗದಲ್ಲಿಯೂ ಬಾಯಿ ಮೂಗುಗಳ ಒಳಗೆ ಹುಣ್ಣಾಗುವುದುಂಟು. ಮೈಮೇಲಿನ ಗಂಟುಗಳಿಂದ ಅದನ್ನು ಗುರುತಿಸಬಹುದು.

ಕಾಲುಬಾಯಿ ಜ್ವರ ಬಂದ ಕೊಟ್ಟಿಗೆಯನ್ನು ತೊಳೆಯಲು ದುಬಾರಿ ಔಷಧ ಬೇಕಿಲ್ಲ. ಈ ವೈರಸ್ಸಿಗೆ ಹುಳಿಯೂ ಆಗದು, ಕ್ಷಾರವೂ ಆಗದು. ಬಟ್ಟೆ ಒಗೆಯುವ ಸೋಡವನ್ನು ಲೀಟರಿಗೆ 40 ಗ್ರಾಂನಂತೆ ನೀರಿನಲ್ಲಿ ಕರಗಿಸಬೇಕು. ಸಗಣಿ, ಕೊಳೆಗಳನ್ನು ಮೊದಲು ತೆಗೆದು, ನೆಲ, ಗೋದಲಿ, ಗೂಟ, ಹಾಲಿನ ಪಾತ್ರೆ, ಗಾಡಿಯ ಚಕ್ರಗಳನ್ನು ಇದರಿಂದ ತೊಳೆಯಬೇಕು. ಅನಂತರ ಗೋದಲಿಯನ್ನೂ ಪಾತ್ರೆಗಳನ್ನೂ ಬರಿ ನೀರಿನಲ್ಲಿ ಮತ್ತೊಮ್ಮೆ ತೊಳೆದು ಒಣಗಿಸಬೇಕು. ರೋಗದ ದನ ತಿಂದು ಬಿಟ್ಟ ಹುಲ್ಲನ್ನು ಇನ್ನೊಂದಕ್ಕೆ ಹಾಕದೆ ಸುಡಬೇಕು. ಆ ದನವನ್ನು ನೋಡಿಕೊಳ್ಳುವವರು ಉಳಿದ ದನಗಳ ಕೆಲಸ ಮುಗಿಸಿ ಕೊನೆಗೆ ಅಲ್ಲಿಗೆ ಹೋಗಲಿ.

ಭರ್ಚಿ ಹುಲ್ಲಿಗೆ ಉಪಾಯ ಕುಡುಗೋಲಿನಲ್ಲೇ ಇದೆ. ಅದು ಹೂ ಬಿಡುವ ಹೊತ್ತಿಗೆ ಕೊಯ್ದು ಒಣಗಿಸಿದರೆ ಒಳ್ಳೆಯ ಮೇವು. ಬೀಜ ಬಲಿತ ಮೇಲೆ ಅದೇ ಹುಲ್ಲು ಸೂಜಿಯ ಕಂತೆ. ಬೆಟ್ಟ ಬೇಣಗಳ ಹುಲ್ಲನ್ನು ಸುಗ್ಗಿ ಮುಗಿಸಿ ಕೊಯ್ಯೋಣವೆಂದು ಬಿಡುವುದು ರೂಢಿಯಾಗಿದೆ. ದೀಪಾವಳಿಯ ವೇಳೆಗೆ ಮುಳ್ಳು ಒಣಗಿ ಉದುರಲು ಸಿದ್ಧವಾಗಿರುತ್ತದೆ. ಎರಡು ವಾರ ಮುಂಚೆಯೇ, ಮಳೆ ಬಿಡುವು ಕೊಟ್ಟ ನಾಲ್ಕು ದಿನ ನೋಡಿ ಕೊಯ್ಯಬೇಕು. ಸಮಯ ಮೀರಿದ್ದರೆ ಆ ಭಾಗಕ್ಕೆ ಮುಳ್ಳು ಪೂರ್ತಿ ಉದುರುವವರೆಗೆ ದನ ಬಿಡಬಾರದು. ಅಲ್ಲಿ ದಾಟಿಸಲೇಬೇಕಾದರೆ ಬಾಯಿಕುಕ್ಕೆ ಕಟ್ಟಿ ಹೊಡೆದುಕೊಂಡು ಹೋಗಬೇಕು. ಮುಳ್ಳು ಬೆರೆತ ಹುಲ್ಲನ್ನು ಆಗಲೇ ಬಣವೆ ಹಾಕಿದ್ದರೆ, ಕೊಡುವ ಮೊದಲು ಕಂತೆಯನ್ನು ಕಲ್ಲಿಗೆ ನಾಲ್ಕಾರು ಸಲ ಬಡಿದು ಬೀಜ ಉದುರಿಸಬೇಕು. ಉದುರಿದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಮುಂದಿನ ವರ್ಷ ಅದು ಹೊಲದಲ್ಲಿ ಏಳುತ್ತದೆ.